ಕಾರಿಗೆ ಬಿಟ್ಟ ಗದ್ದೆ

ಹೋದ ಶುಕ್ರವಾರ ಮಂಡ್ಯದ ಗುತ್ತಲಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಗಂಡ ಹೊಸ ಕಾರು ತಂದಿದ್ದರು. ಅಕ್ಕ ಬಂದು ಆರತಿ ಎತ್ತದೆ ಗಾಡಿ ಬೀದಿಗಿಳಿಯುವುದಿಲ್ಲ ಎಂದು ತಂಗಿ ಹಟ ಹಿಡಿದಿದ್ದಳು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆವು, ಕುಂಬಳಕಾಯಿ ಒಡೆದೆವು. "ಹತ್ತಕ್ಕ, ಒಂದು ಸುತ್ತು ಹೋಗಿ ಬರಾಣ" ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಬಾಗಿಲು ಮುಚ್ಚಿದ್ದೇ ತಡ, ಆ ವಾಸನೆ ಬಂತು. ಹೊಸ ಸೀಟಿನದು, ಅಂಟಿನದು, ಇನ್ನೂ ಬಿಚ್ಚದ ಪ್ಲಾಸ್ಟಿಕ್ಕಿನದು, ಎಲ್ಲ ಸೇರಿ ಸಿಹಿಯಾದ, ಗಂಟಲಿಗೆ ಅಂಟುವ ವಾಸನೆ. ನಾನು ಮೂಗಿಗೆ ಸೆರಗು ಒತ್ತಿಕೊಂಡೆ. "ಇಳಿಸವ್ವ" ಎಂದೆ. "ಅಕ್ಕಂಗೆ ಪಿತ್ತ" ಎಂದು ತಂಗಿ ನಕ್ಕಳು. ಪಿತ್ತವೇ ಆಗಿದ್ದರೆ ಒಂದು ಲೋಟ ಜೀರಿಗೆ ನೀರಿಗೆ ಇಳಿಯುತ್ತಿತ್ತು. ಆ ವಾಸನೆಯನ್ನು ಹಿಂದೆ ಒಂದೇ ಒಂದು ಸಲ ಕುಡಿದಿದ್ದೆ. ಅತ್ತೆಯನ್ನು ಹೆಬ್ಬೆಟ್ಟು ಒತ್ತಿಸಲು ಮದ್ದೂರಿಗೆ ಕರೆದುಕೊಂಡು ಹೋದ ಕಾರಿನಲ್ಲಿ.

ಅದು ಒಂದು ಸಂಕ್ರಾಂತಿಯಿಂದ ಆಷಾಢದವರೆಗಿನ ಮಾತು. ಆರೇಳು ತಿಂಗಳು ಅಷ್ಟೆ. ಆದರೆ ನನ್ನ ಬದುಕಿನಲ್ಲಿ ಆ ಆರೇಳು ತಿಂಗಳನ್ನು ಬೇರೆ ಯಾವ ವರ್ಷದ ಜೊತೆಗೂ ಸೇರಿಸಲು ನನಗೆ ಆಗುವುದಿಲ್ಲ.

ನಮ್ಮೂರು ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಮದ್ದೂರಿನ ಕಡೆಗೆ ಅರ್ಧ ಗಂಟೆ ನಡೆದರೆ ಸಿಗುತ್ತದೆ. ನಾಲೆ ಬಯಲಿನಲ್ಲಿ ನಮಗೆ ಒಂದೂವರೆ ಎಕರೆ ಗದ್ದೆ ಇತ್ತು. ಪಹಣಿಯಲ್ಲಿ ಇದ್ದುದು ನನ್ನ ಅತ್ತೆ ಚಿಕ್ಕತಾಯಮ್ಮನವರ ಹೆಸರು. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸದಲ್ಲಿದ್ದರು. ಮಗಳು ಪವಿತ್ರ ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿದ್ದಳು, ಅದೂ ಮೋಟಾರು ವಿಭಾಗದಲ್ಲಿ. ಇಡೀ ತರಗತಿಗೆ ಹೆಣ್ಣುಮಕ್ಕಳು ಇಬ್ಬರೇ. ಕೈಗೆಲ್ಲ ಗ್ರೀಸು ಹಚ್ಚಿಕೊಂಡು ಮನೆಗೆ ಬರುತ್ತಿದ್ದಳು. "ನಿನ್ನ ಯಾವನು ಮದ್ವೆ ಆದಾನು ಕೂಸೇ?" ಎಂದು ಅತ್ತೆ ಕೇಳಿದರೆ, "ಗಾಡಿ ಕೆಟ್ಟೋನು ಆಯ್ತನೆ ಬುಡಜ್ಜಿ" ಎನ್ನುತ್ತಿದ್ದಳು. ಪಾಸಾಗಿ ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. ಪ್ರತಿ ಸೋಮವಾರ ನಾನು ಒಪ್ಪೊತ್ತು ಇದ್ದು ಬೇಡಿಕೊಳ್ಳುತ್ತಿದ್ದುದು ಅದೊಂದನ್ನೇ.

ಒಂದು ವಿಷಯವನ್ನು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ವರ್ಷಕ್ಕೆ ಎರಡು ಭತ್ತದ ಬೆಳೆ. ಆಷಾಢದಲ್ಲಿ ನಾಲೆಗೆ ನೀರು ಬಿಟ್ಟಾಗ ನಾಟಿ ಮಾಡುವುದು ಹೈನು. ಅದು ಕಟಾವಾಗಿ ಸಂಕ್ರಾಂತಿ ಕಳೆದ ಮೇಲೆ, ನೀರಿದ್ದರೆ ಬೇಸಿಗೆಗೆ ಇಡುವುದು ಕಾರು. ಈಗಿನ ಮಕ್ಕಳಿಗೆ ಕಾರು ಎಂದರೆ ನಾಲ್ಕು ಚಕ್ರದ್ದು ಒಂದೇ. ಅತ್ತೆಗೆ ಕಾರು ಎಂದರೆ ಬೆಳೆ ಮಾತ್ರ. ಬಸ್ಸನ್ನು ಬಿಟ್ಟು ರಸ್ತೆಯ ಮೇಲೆ ಓಡಾಡುವ ಎಲ್ಲವೂ ಅವರ ಬಾಯಲ್ಲಿ "ಮೋಟ್ರು".

ಆ ವರ್ಷ ಸಂಕ್ರಾಂತಿಗೆ ಮುಂಚೆಯೇ ಊರಲ್ಲಿ ಸುದ್ದಿ ಶುರುವಾಗಿತ್ತು. ಹೊರದೇಶದ ಕಂಪನಿಯೊಂದು ಕಾರು ತಯಾರಿಸಲು ಜಾಗ ಹುಡುಕುತ್ತಿದೆ, ಸರ್ಕಾರದವರು ಅವರನ್ನು ಹೇಗಾದರೂ ನಮ್ಮ ಕಡೆಗೆ ಎಳೆಯಲು ನೋಡುತ್ತಿದ್ದಾರೆ ಎಂದು. ಜೀಪು ಬರುತ್ತಿತ್ತು, ಹೋಗುತ್ತಿತ್ತು. ಹೆದ್ದಾರಿಯ ಪಕ್ಕದ ಬೋರೆಯ, ಎಂದರೆ ನೀರು ಹತ್ತದ ದಿಬ್ಬದ ಮೇಲೆ ಮೂರು ಕಾಲಿನ ಯಂತ್ರ ನಿಲ್ಲಿಸಿ ಯಾರೋ ಅಳೆದರು. ಆಮೇಲೆ ಬಯಲಿಗೂ ಇಳಿದರು. ಬದುಗಳ ಮೇಲೆ ಕೆಂಪು ಬಣ್ಣ ಬಳಿದ ಗೂಟಗಳು ಎದ್ದವು. ಒಂದು ದಿನ ಹದ್ದಿನಂಥ ಸಣ್ಣ ಯಂತ್ರ ಗುಂಯ್‌ಗುಟ್ಟುತ್ತಾ ನಮ್ಮ ಹೆಂಚಿನ ಮೇಲೆ ಸುತ್ತಿ ಹೋಯಿತು. ಕೋಳಿಗಳು ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡು ಸಂಜೆಯವರೆಗೂ ಗೂಡಿನಿಂದ ಹೊರಗೆ ಬರಲಿಲ್ಲ. ಅತ್ತೆ ಅಂಗಳದಲ್ಲಿ ನಿಂತು ಅದಕ್ಕೆ ಪೊರಕೆ ತೋರಿಸಿದರು.

ಊರಿನವನೇ ಆದ ಶಿವಣ್ಣ ಈ ಕೆಲಸಕ್ಕೆ ನಿಂತಿದ್ದ. ಮನೆಮನೆಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವುದು ಅವನ ಕೆಲಸ. ಮಾತು ಬೆಣ್ಣೆ. ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ: "ಅಕ್ಕ, ಆ ಕಂಪ್ನಿಯೋರು ಮೂರು ಜಾಗ ನೋಡ್ತಾವ್ರೆ. ಒಂದು ನಮ್ದು, ಒಂದು ಮಳವಳ್ಳಿ ಕಡೆದು, ಇನ್ನೊಂದು ಪಕ್ಕದ ರಾಜ್ಯದ್ದು. ಅವ್ರಿಗೆ ತಕರಾರು ಇರೋ ಭೂಮಿ ಬ್ಯಾಡ. ಒಬ್ರು ತಕರಾರು ಅರ್ಜಿ ಕೊಟ್ರೂ ಸಾಕು, ಎದ್ದು ಓಯ್ತರೆ. ನಿಮ್ಮ ಗದ್ದೆ ನಟ್ಟನಡುಮಧ್ಯೆ ಅದೆ. ನೀವು ಒಪ್ಪುದ್ರೆ ಬಯಲೆಲ್ಲ ಒಪ್ದಂಗೆ. ಭೂಮಿ ಕೊಟ್ಟ ಮನೆಗೊಂದು ಕೆಲ್ಸ ಅಂತ ಬರ್ಕೊಟ್ಟವ್ರೆ. ನಮ್ ಪವಿತ್ರಂಗಲ್ದೆ ಇನ್ಯಾರಿಗೆ?"

ನಮ್ಮ ಯಜಮಾನರು ಪೇಪರು ತಿರುಗಿಸುತ್ತಾ ಹೇಳಿದರು: "ಅವ್ವಂಗೆ ನೀನೇ ಓದಿ ಹೇಳು. ನಾನೇಳಿದ್ರೆ ಬೈತಾಳೆ." ಹಾಗೆಂದು ಚಪ್ಪಲಿ ಮೆಟ್ಟಿಕೊಂಡು ಡ್ಯೂಟಿಗೆ ಹೋದರು. ಅವರ ಸ್ವಭಾವವೇ ಅದು. ಕುಡಿಯುವುದಿಲ್ಲ, ಕೈಯೆತ್ತುವುದಿಲ್ಲ, ಅದು ದೇವರು ನನಗೆ ಕೊಟ್ಟದ್ದು. ಆದರೆ ಕಷ್ಟದ ಮಾತು ಬಂದರೆ ಮನೆಯಲ್ಲಿ ಇರುವುದಿಲ್ಲ.

ಮನೆಗೆ ಬಂದ ಕಾಗದಗಳನ್ನೆಲ್ಲ ಅತ್ತೆಗೆ ಓದಿ ಹೇಳುತ್ತಿದ್ದುದು ನಾನೇ. ಸೊಸೆಯಾಗಿ ಬಂದ ಮೊದಲ ವಾರವೇ ಅವರು ಒಂದು ಕಂದಾಯದ ರಸೀತಿ ತಂದು ನನ್ನ ಮುಂದೆ ಹಿಡಿದಿದ್ದರು. ನಾನು ತಡವರಿಸದೆ ಓದಿದ್ದಕ್ಕೆ, "ನಂಗೆ ಎರಡು ಕಣ್ಣು ಬಂದ್ವು ಕಣಮ್ಮಿ" ಎಂದು ಹೇಳಿ, ಆ ದಿನ ತಾವೇ ಬಡಿಸಿದ್ದರು. ಆ ಮೇಲೆ ಇಪ್ಪತ್ತಾರು ವರ್ಷ ನಾನು ಓದಿದ್ದನ್ನು ಒಮ್ಮೆಯೂ ಬೇರೆಯವರ ಹತ್ತಿರ ಓದಿಸಿ ನೋಡಿದವರಲ್ಲ.

ಅತ್ತೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದರು. ನಾನು ಒಪ್ಪಿಗೆ ಪತ್ರ ಓದಿದೆ. ಅದು ಕಚೇರಿಯ ಭಾಷೆ, ಉದ್ದುದ್ದ. ಕಾರು ತಯಾರಿಕಾ ಘಟಕದ ಸ್ಥಾಪನೆಗಾಗಿ ಈ ಕೆಳಕಂಡ ಜಮೀನನ್ನು ಎಂದೆಲ್ಲ ಇತ್ತು. ಅತ್ತೆ ಕೈ ನಿಲ್ಲಿಸದೆ ಕೇಳಿದರು.

"ಏನಂತಮ್ಮಿ ಒಟ್ನಲ್ಲಿ?"

"ಕಾರಿಗೆ ನಮ್ಮ ಗದ್ದೆ ಬೇಕಂತೆ ಕಣತ್ತೆ."

"ಒಂದ್ ಕಾರಿಗಾ?"

ಕೆಲವು ವರ್ಷಗಳ ಹಿಂದೆ ಹೆದ್ದಾರಿ ಅಗಲ ಮಾಡುವಾಗ ಕಂಟ್ರಾಕ್ಟರು ಜಲ್ಲಿ ರಾಶಿ ಹಾಕಲು ಇದೇ ಬಯಲಿನಲ್ಲಿ ಗದ್ದೆಗಳನ್ನು ಒಂದು ಕಾರಿಗೆ ಎಂದು ಬಾಡಿಗೆಗೆ ಹಿಡಿದಿದ್ದ. ಹೈನಿಗೆ ನೀರು ಬಿಡುವ ಮುಂಚೆ ಎತ್ತಿಕೊಂಡು, ಬದು ಸರಿ ಮಾಡಿ ಕೊಟ್ಟು ಹೋಗಿದ್ದ. ಫ್ಯಾಕ್ಟರಿ ಬರುವುದು ಬೋರೆಯ ಮೇಲೆ, ನೀರು ಹರಿಯುವ ಗದ್ದೆಯಲ್ಲಿ ಯಾರಾದರೂ ಫ್ಯಾಕ್ಟರಿ ಕಟ್ಟುತ್ತಾರೆಯೇ ಎಂಬುದು ಅತ್ತೆಯ ಲೆಕ್ಕ. ಇದೂ ಜಲ್ಲಿ ರಾಶಿಯ ಹಾಗೇ ಎಂದುಕೊಂಡರು. ಅವರ ಮುಖ ನೋಡಿದ ಕೂಡಲೇ ನನಗೆ ಅದು ಗೊತ್ತಾಯಿತು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಿವಣ್ಣ, "ಊ ಕಣ್ ದೊಡ್ಡವ್ವ, ಕಾರಿಗೇ" ಎಂದುಬಿಟ್ಟ. ಅವನಿಗೆ ಅರ್ಥವಾಗಿತ್ತೋ ಇಲ್ಲವೋ ಇವತ್ತಿಗೂ ನಾನು ಹೇಳಲಾರೆ. ನನಗೆ ಅರ್ಥವಾಗಿತ್ತು. ಒಳಮನೆಯಲ್ಲಿ ಪವಿತ್ರ ಮುರಿದ ಮಿಕ್ಸಿಯನ್ನು ಬಿಚ್ಚಿಕೊಂಡು ಕುಳಿತಿದ್ದಳು. ಸ್ಕ್ರೂಗಳನ್ನು ತಟ್ಟೆಗೆ ಹಾಕುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

"ಒಂದ್ ಕಾರಿಗೆ ತಾನೆ, ಬುಡು" ಎಂದರು ಅತ್ತೆ. "ಈ ಸಲ ನಾಲೆಲಿ ನೀರೂ ಇಲ್ಲ."

ಮಾರನೆಯ ದಿನವೇ ಶಿವಣ್ಣ ಎಲ್ಲಿಂದಲೋ ಹೊಸ ಕಾರು ತಂದ. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಅತ್ತೆ ಮಡಿಸೀರೆ ಉಟ್ಟು, ನನ್ನ ಕೈ ಹಿಡಿದು ಹತ್ತಿದರು. ಮದ್ದೂರಿನವರೆಗೂ ಮೂಗಿಗೆ ಸೆರಗು ಹಿಡಿದೇ ಇದ್ದರು. ಕಚೇರಿಯಲ್ಲಿ ಗುಮಾಸ್ತ ವಿಧಿಗೆ ಕೇಳಬೇಕಲ್ಲ ಎಂದು ಕೇಳಿದ: "ಅಜ್ಜಿ, ನಿಮ್ಮ ಮನಸಾರ ಒಪ್ಪಿಗೆ ತಾನೆ?"

"ಒಂದ್ ಕಾರಿಗೆ ಒಪ್ಕಂಡಿವ್ನಿ ಕಣಪ್ಪ."

ಗುಮಾಸ್ತ ನಕ್ಕ. "ಒಂದು ಕಾರಲ್ಲ ಅಜ್ಜಿ, ನೂರಾರು ಕಾರು ಬತ್ತವೆ."

"ನೂರು ಕಾರ ನಾನೆಲ್ ನೋಡ್ಲಪ್ಪ, ನಂಗಾಗ್ಲೆ ಎಪ್ಪತ್ತಾಯ್ತು" ಎಂದರು ಅತ್ತೆ. ಕಚೇರಿಯವರೆಲ್ಲ ನಕ್ಕರು. ಅತ್ತೆಯೂ ನಕ್ಕರು. ಅವರ ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದದ ಮೇಲೆ ಇಡುವಾಗ ಬೆರಳು ಜಾರದಂತೆ ಮಣಿಕಟ್ಟು ಹಿಡಿದುಕೊಂಡಿದ್ದವಳು ನಾನು. ಹೊರಗೆ ಬಂದು ಕೊಳಾಯಿ ಹತ್ತಿರ ಮಸಿ ತೊಳೆದುಕೊಳ್ಳುತ್ತಾ, "ನೀನಿದ್ಯಲ್ಲ ಸುಸೀಲಾ, ನಂಗೇನು ಭಯ" ಎಂದರು.

ತಕರಾರಿದ್ದರೆ ಹೇಳಿಕೊಳ್ಳಲು ಒಂದು ತಿಂಗಳ ಗಡುವು ಎಂದು ಗುಮಾಸ್ತ ಹೇಳಿದ್ದ. ಆ ತಿಂಗಳು ನಾನು ಹೇಗೆ ದೂಡಿದೆನೋ ನಮ್ಮ ಊರದೇವತೆ ಪಟ್ಟಲದಮ್ಮನಿಗೇ ಗೊತ್ತು. ಒಂದು ತಿಂಗಳು ಇದೆಯಲ್ಲ ಎಂಬುದನ್ನೇ ದೊಡ್ಡ ಕೃಪೆ ಎಂದುಕೊಂಡೆ. ಇವತ್ತು ಹೇಳುತ್ತೇನೆ ಎಂದು ಬೆಳಗ್ಗೆ ದೀಪ ಹಚ್ಚುವಾಗ ನಿಶ್ಚಯ ಮಾಡುವುದು, ಮಧ್ಯಾಹ್ನ ಮುದ್ದೆ ತಿರುವುವ ಹೊತ್ತಿಗೆ ನಾಳೆ ಎನ್ನುವುದು. ಅವರಾಗಿಯೇ ಒಂದು ಸಲ ಕೇಳಿದರೆ ಹೇಳಿಬಿಡುತ್ತೇನೆ ತಾಯಿ ಎಂದು ಹರಕೆ ಕಟ್ಟಿಕೊಂಡೆ. ನನ್ನನ್ನು ನಂಬಿದವರು ನನ್ನನ್ನು ಏಕೆ ಕೇಳುತ್ತಾರೆ? ದೇವರ ಮುಂದೆಯೂ ನಾನು ಜಾಣತನ ಮಾಡಿದ್ದೆ.

ಗಡುವಿಗೆ ಮೂರು ದಿನ ಇರುವಾಗ ಕಂಪನಿಯವರು ಜಾಗ ನೋಡಲು ಬರುತ್ತಾರೆ ಎಂದು ಒಂದು ವಾರ ಮುಂಚೆಯೇ ಗೊತ್ತಾಯಿತು. ಊರಿಗೆ ಊರೇ ಮೈ ತೊಳೆದುಕೊಂಡಿತು. ರಸ್ತೆಯ ಸಗಣಿ ಬಾಚಿ ತೆಗೆದರು, ತಿಪ್ಪೆಗಳಿಗೆ ಹಸಿರು ಬಟ್ಟೆ ಮುಚ್ಚಿದರು. ಬೀದಿನಾಯಿಗಳನ್ನು ಗಾಡಿಯೊಂದರಲ್ಲಿ ತುಂಬಿಕೊಂಡು ಹೋದರು, ಆಮೇಲೆ ಅವುಗಳಲ್ಲಿ ಒಂದೂ ತಿರುಗಿ ಬರಲಿಲ್ಲ. ನಮ್ಮ ಮಹಿಳಾ ಸಂಘಕ್ಕೆ ಅಡುಗೆ ವಹಿಸಿದರು. ಖಾರ ಬೇಡ, ಎಣ್ಣೆ ಬೇಡ, ಒಗ್ಗರಣೆ ಘಾಟು ಬೇಡ. "ಉಪ್ಪಾದ್ರೂ ಆಕಬೋದಾ ಸಾರ್, ಇಲ್ಲ ಅದ್ಕೂ ಪರ್ಮಿಸನ್ ಬೇಕಾ?" ಎಂದು ಪಕ್ಕದ ಮನೆಯ ಜಯಮ್ಮ ಕೇಳಿದಳು. ಜಯಮ್ಮನ ಬಾಯಿ ಹಾಗೆಯೇ, ಬೆಸಗರಹಳ್ಳಿಯ ಹೆಣ್ಣು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ನಾಲೆ. ಎರಡು ತಿಂಗಳಿಂದ ಒಣಗಿ ಬಿರುಕು ಬಿಟ್ಟಿದ್ದ ನಾಲೆಗೆ ಅವರು ಬರುವ ದಿನ ಬೆಳಗ್ಗೆ ನೀರು ಬಂತು. ಅಂಚಿನವರೆಗೂ ತುಂಬಿ, ಸದ್ದಿಲ್ಲದೆ, ಕನ್ನಡಿಯ ಹಾಗೆ ಹೊಳೆಯುತ್ತಾ ಹರಿಯಿತು. ಜನ ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು, ಯಾರೂ ಖುಷಿ ಪಡಲಿಲ್ಲ. ತೂಬುಗಳಿಗೆಲ್ಲ ಬೀಗ ಹಾಕಿದ್ದರು. ಒಂದು ಹನಿ ಗದ್ದೆಗೆ ಇಳಿಯಲಿಲ್ಲ.

ಹನ್ನೊಂದು ಗಂಟೆಗೆ ಆರು ಕಾರುಗಳು ಬಂದವು. ಶಾಮಿಯಾನದ ಕೆಳಗೆ ನಾಲ್ಕು ಜನ ಪರದೇಶದವರು ಕುಳಿತರು. ಅವರಲ್ಲಿ ಹಿರಿಯರೊಬ್ಬರಿಗೆ ತಲೆಯೆಲ್ಲ ಬೆಳ್ಳಗೆ, ಮುಖ ಮಗುವಿನದು. ಅವರ ಪಕ್ಕ ಮಾತು ತಿರುಗಿಸಿ ಹೇಳಲು ಬೆಂಗಳೂರಿನಿಂದ ಬಂದ ಒಬ್ಬ ಹುಡುಗಿ. ಅಧಿಕಾರಿಗಳು ನಕ್ಷೆ ಹರಡಿ ರಸ್ತೆ, ರೈಲು, ಕರೆಂಟು ಎಂದು ತೋರಿಸಿದರು. ನೀರು ಎಂದಾಗ ನಾಲೆಯ ಕಡೆ ಕೈ ತೋರಿಸಿದರು. ಬಿಳಿತಲೆಯವರು ನಾಲೆಯನ್ನು ಬಹಳ ಹೊತ್ತು ನೋಡಿದರು.

ಆಗ ಅತ್ತೆ ಬಂದರು. ನಾನು ಅನ್ನದ ಪಾತ್ರೆಯ ಹತ್ತಿರ ಇದ್ದೆ. ಜನರ ನಡುವೆ ದಾರಿ ಮಾಡಿಕೊಂಡು, ಎರಡು ಕೈಯಲ್ಲಿ ಮೊರ ಹಿಡಿದು ನೆಟ್ಟಗೆ ನಡೆದು ಬರುತ್ತಿದ್ದರು. ಮೊರದಲ್ಲಿ ಬಿತ್ತನೆ ಭತ್ತ, ಮೇಲೆ ವೀಳ್ಯದೆಲೆ. ನಮ್ಮಲ್ಲಿ ಒಂದು ಬೆಳೆಗೆ ಗದ್ದೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಾಗ ಗದ್ದೆಯ ಒಡೆಯರು ಮೊದಲ ಹಿಡಿ ಬೀಜವನ್ನು ನಾಲ್ಕು ಜನರ ಮುಂದೆ ತಾವೇ ಕೊಟ್ಟು, ಕರಾರನ್ನು ಬಾಯಲ್ಲಿ ಹೇಳಬೇಕು. ಕಾಗದ ಎಷ್ಟಿದ್ದರೂ ಅದಿಲ್ಲದೆ ಅತ್ತೆಗೆ ವ್ಯವಹಾರ ಮುಗಿದಂತೆ ಅಲ್ಲ. ಪೊಲೀಸಿನವನೊಬ್ಬ ತಡೆಯಲು ಹೋದ. "ಬುಡಿ ಬುಡಿ, ಗದ್ದೆಯೋರು" ಎಂದು ಶಿವಣ್ಣ ಬಿಡಿಸಿದ. ಫೋಟೊ ತೆಗೆಯುವವರು ಎದ್ದು ನಿಂತರು.

ಅತ್ತೆ ಬಿಳಿತಲೆಯವರ ಬೊಗಸೆಗೆ ಭತ್ತ ಸುರಿದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ತಕ್ಕಳಪ್ಪ. ನಮ್ಮಾವನ ಕಾಲದ ಬೀಜ. ಈ ಒಂದ್ ಕಾರು ಮಾಡ್ಕಳಿ. ಹೈನು ಒತ್ಗೆ ನಮ್ಗೆ ಬುಟ್ಬುಡ್ಬೇಕು. ಬದ ಒಡೀಬ್ಯಾಡಿ."

ಬೆಂಗಳೂರಿನ ಹುಡುಗಿ ತಬ್ಬಿಬ್ಬಾದಳು. ಸುತ್ತ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದಿದ್ದ ನನ್ನನ್ನು ಕೇಳಿದಳು: "ಆಂಟಿ, ಇವರು ಹೇಳಿದ್ದು ಸರಿಯಾಗಿ ಗೊತ್ತಾಗಲಿಲ್ಲ. ಹೈನು ಅಂದರೆ ಹಾಲು ಅಲ್ವಾ? ಹಾಲು ಉಕ್ಕಿದ ಹಾಗೆ ಉಕ್ಕಿ ಬರಲಿ ಅಂತ ಹಾರೈಸ್ತಿದ್ದಾರಾ?"

ಹೈನುಗಾರಿಕೆಯ ಹೈನು ಮಾತ್ರ ಅವಳಿಗೆ ಗೊತ್ತು, ಪಾಪ. ಆ ಕ್ಷಣದಲ್ಲಿ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅಧಿಕಾರಿ ನೋಡುತ್ತಿದ್ದರು, ಶಿವಣ್ಣ ನೋಡುತ್ತಿದ್ದ. ಬಡಿಸಲು ನಿಂತಿದ್ದ ಪವಿತ್ರ ನೀರಿನ ಜಗ್ಗು ಹಿಡಿದುಕೊಂಡು ನೋಡುತ್ತಿದ್ದಳು. ಅವಳು ಕಾಲೇಜಿನಲ್ಲಿ ಕಲಿತವಳು. ಬೆಳೆಯ ಹೆಸರು ಅವಳಿಗೂ ಗೊತ್ತಿರಲಿಲ್ಲ. ಅಲ್ಲಿದ್ದ ಅಷ್ಟು ಜನರಲ್ಲಿ ಅತ್ತೆಯ ಮಾತು ಖಂಡಿತ ತಿಳಿಯಬಲ್ಲವರು ನಾಲ್ಕೈದು ಮುದುಕರು, ಜಯಮ್ಮ, ನಾನು. ಮುದುಕರನ್ನು ಹಗ್ಗದ ಆಚೆ ಕೂರಿಸಿದ್ದರು. ಜಯಮ್ಮ ಒಲೆಯ ಹತ್ತಿರ ಇದ್ದಳು.

"ಹೂಂ ಕಣವ್ವ" ಎಂದೆ. "ಹಂಗೇ ಅಂತಾವ್ರೆ."

ಹುಡುಗಿ ಅದನ್ನು ತಿರುಗಿಸಿ ಹೇಳಿದಳು. ಬಿಳಿತಲೆಯವರು ಬೊಗಸೆಯ ಭತ್ತವನ್ನು ಚೆಲ್ಲದೆ ಎದೆಗೆ ಹಿಡಿದುಕೊಂಡು, ಸೊಂಟದವರೆಗೂ ಬಗ್ಗಿ ಅತ್ತೆಗೆ ನಮಸ್ಕರಿಸಿದರು. ಚಪ್ಪಾಳೆ ಬಿತ್ತು. ಅತ್ತೆ ನನ್ನ ಕಡೆ ತಿರುಗಿ ಸಮಾಧಾನದಿಂದ ಹೇಳಿದರು: "ನೋಡ್ದಾ, ತಲೆ ಬಗ್ಸಿ ಒಪ್ಕಂಡ. ಮರ್ಯಾದಸ್ಥ."

ಸಂಜೆ ಐದಕ್ಕೆ ನಾಲೆಯ ನೀರು ನಿಂತಿತು. ತಳದಲ್ಲಿ ಸಿಕ್ಕಿಬಿದ್ದ ಮೀನುಗಳು ಕೆಸರಿನಲ್ಲಿ ಹೊರಳಾಡುತ್ತಿದ್ದವು. ಊರಿನವರು ಬಕೆಟ್ಟು ತಂದು ಹಿಡಿದುಕೊಂಡರು. ಮರುದಿನ ಬೆಳಗ್ಗೆ ಪೇಪರಿನಲ್ಲಿ ಅತ್ತೆಯ ಫೋಟೊ ಬಂತು, ರೈತ ಮಹಿಳೆಯಿಂದ ಹೂಡಿಕೆದಾರರಿಗೆ ಹೃದಯಪೂರ್ವಕ ಸ್ವಾಗತ ಎಂದು. ಅತ್ತೆ, "ಏನ್ ಬರ್ದವ್ರಮ್ಮಿ?" ಎಂದು ಕೇಳಿದರು.

ಹರಕೆ ಕಟ್ಟಿದ್ದೆನಲ್ಲ, ಅವರಾಗಿ ಕೇಳಿದರೆ ಹೇಳುತ್ತೇನೆಂದು? ಕೇಳಿದರು. ಗಡುವಿಗೆ ಇನ್ನೂ ಎರಡು ದಿನ ಇತ್ತು. ನಾನು "ನೀವು ಬೀಜ ಕೊಟ್ಟಿದ್ದ ಬರ್ದವ್ರೆ ಅತ್ತೆ" ಎಂದೆ. ಸುಳ್ಳಲ್ಲ ಎಂದು ಆವತ್ತು ನನಗೆ ನಾನೇ ಹೇಳಿಕೊಂಡೆ. ಗಡುವಿನ ಸೋಮವಾರ ಬಂತು, ಹೋಯಿತು. ಆ ಸೋಮವಾರ ನನಗೆ ಉಪವಾಸ ಇರಲು ಆಗಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಯುಗಾದಿಗೆ ಮುಂಚೆ ತೆಂಗಿನ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದರು. "ಒಳ್ಳೇದೇ, ಕಾಯಿ ಕಳುವಾಗಾಕಿಲ್ಲ" ಎಂದರು ಅತ್ತೆ. ಕಲ್ಲುಕಂಬ ನೆಟ್ಟು ತಂತಿ ಎಳೆಯಲು ಶುರು ಮಾಡಿದರು ಎಂದು ಜಯಮ್ಮ ಹೇಳಿದಾಗ, "ದನ ನುಗ್ಗಾಕಿಲ್ಲ ಬುಡು" ಎಂದರು. ಒಂದೊಂದು ಕೆಟ್ಟ ಸೂಚನೆಯನ್ನೂ ಅವರು ಒಳ್ಳೆಯದನ್ನಾಗಿ ಮಾಡಿಕೊಳ್ಳುವಾಗ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಮರ ಕಡಿಯುವ ದಿನ ತಿಳಿದಾಗ ನಾನೇ ಒಂದು ಉಪಾಯ ಮಾಡಿದೆ. ಮಳವಳ್ಳಿಯಲ್ಲಿ ಅವರ ತಂಗಿಗೆ ಮೈ ಸರಿಯಿಲ್ಲ ಎಂದು ಬಸ್ಸು ಹತ್ತಿಸಿ ಕಳಿಸಿದೆ. ತಂಗಿಗೆ ನಿಜವಾಗಿಯೂ ಜ್ವರ ಇತ್ತು, ದೇವರೇ ದಾರಿ ಮಾಡಿಕೊಟ್ಟ ಎಂದುಕೊಂಡೆ. ಇಂಥದ್ದಕ್ಕೂ ದೇವರನ್ನು ಕರೆದವಳು ನಾನು. ಮಂಡಿ ನೋವು ಹಿಡಿದು ಅತ್ತೆ ಅಲ್ಲೇ ಎರಡು ತಿಂಗಳು ನಿಂತರು. ಆ ಎರಡು ತಿಂಗಳು ಬಯಲಿನಿಂದ ಹಗಲೆಲ್ಲ ಯಂತ್ರಗಳ ಸದ್ದು ಬರುತ್ತಿತ್ತು. ಕೆಂಪು ಧೂಳು ನಮ್ಮ ತುಳಸಿಯ ಎಲೆಗಳ ಮೇಲೆ ಕುಳಿತುಕೊಳ್ಳುತ್ತಿತ್ತು. ಎಷ್ಟು ತೊಳೆದರೂ ಸಂಜೆಗೆ ಮತ್ತೆ ಕೆಂಪು.

ಅತ್ತೆ ತಿರುಗಿ ಬಂದಾಗ ಮೊದಲ ಮಳೆ ಆಗಿತ್ತು. ಮಂಡಿ ಇನ್ನೂ ಪೂರ್ತಿ ಸರಿಯಾಗದೆ ಬಯಲಿನವರೆಗೆ ಹೋಗಲಾರದೆ, ಬಂದವರೇ ಹಿತ್ತಲಲ್ಲಿ ಒಟ್ಲು ಹಾಕಿದರು, ಎಂದರೆ ನಾಟಿಗೆ ಬೇಕಾದ ಪೈರಿನ ಮಡಿ. ಅದೇ ಬೀಜ. ಬಾವಿಯಿಂದ ನೀರು ಸೇದಿ ಹಾಕಿದರು. ಪೈರು ಹಸಿರಾಗಿ ಗೇಣುದ್ದ ಎದ್ದಿತು. ನಾನು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗಲೆಲ್ಲ ಅದರ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ.

ನಾಲೆಗೆ ನೀರು ಬಿಟ್ಟ ಮೂರನೆಯ ದಿನ ಬೆಳಗ್ಗೆ ಅತ್ತೆ ಪೈರು ಕಿತ್ತು, ಕಂತೆ ಕಟ್ಟಿ, ಕುಕ್ಕೆಗೆ ತುಂಬಿದರು. "ಎತ್ತಮ್ಮಿ ತಲೆಗೆ" ಎಂದರು. ನಾನು ಎತ್ತಿ ಅವರ ತಲೆಗಿಟ್ಟೆ, ಇನ್ನೊಂದನ್ನು ನಾನು ಹೊತ್ತೆ. ದಾರಿಯುದ್ದಕ್ಕೂ ಹೇಳಲು ಸಮಯವಿತ್ತು. ನಾನು ಅವರ ಹಿಂದೆ ಅವರ ಒಡೆದ ಹಿಮ್ಮಡಿ ನೋಡುತ್ತಾ ನಡೆದೆ.

ತಂತಿಬೇಲಿಯ ಗೇಟಿನ ಹತ್ತಿರ ಉತ್ತರ ಭಾರತದ ಕಡೆಯ ಕಾವಲುಗಾರನೊಬ್ಬ ಸ್ಟೂಲಿನ ಮೇಲೆ ಕುಳಿತಿದ್ದ. ಬೇಲಿಯ ಒಳಗೆ ಬದು ಇಲ್ಲ, ಮರ ಇಲ್ಲ, ಯಾವುದು ಯಾರ ಗದ್ದೆ ಎಂಬ ಗುರುತಿಲ್ಲ. ಮಟ್ಟ ಮಾಡಿದ ಕೆಂಪು ನೆಲ ಬೋರೆಯವರೆಗೂ ಒಂದೇ ಸಮ.

"ಕಾರು ಮುಗೀತಲ್ಲಪ್ಪ, ಬಾಗ್ಲು ತೆಗಿ" ಎಂದರು ಅತ್ತೆ.

ಅವನಿಗೆ ಅರ್ಥವಾದದ್ದು ಒಂದೇ ಪದ. "ಕಾರ್? ಕಾರ್ ಇಲ್ಲ ಅಮ್ಮಾ. ಕಾರ್ ಇನ್ನೂ ಬಂದಿಲ್ಲ."

"ಬಂದಿಲ್ಲ ಅಂದ್ರೆ? ಸಂಕ್ರಾಂತಿಗೆ ಬುಟ್ಕೊಟ್ಟಿವ್ನಿ."

"ಪೂರಾ ಕಂಪ್ನಿ ಜಾಗ ಅಮ್ಮಾ. ಕಾರ್ ಫ್ಯಾಕ್ಟ್ರಿ. ಮೋಟರ್, ಮೋಟರ್" ಎಂದು ಅವನು ಎರಡು ಕೈಯಿಂದ ಸ್ಟೀರಿಂಗು ತಿರುಗಿಸಿ ತೋರಿಸಿದ.

ಅತ್ತೆ ಅವನ ಕೈಗಳನ್ನೇ ನೋಡಿದರು. ಆಮೇಲೆ ಬೇಲಿಯ ಒಳಗೆ ನೋಡಿದರು. ತಲೆಯ ಮೇಲಿನ ಕುಕ್ಕೆ ಒಂಚೂರೂ ಅಲುಗಲಿಲ್ಲ. ನನ್ನನ್ನು ನೋಡದೆಯೇ ಕೇಳಿದರು: "ಆ ಹುಡ್ಗಿ ಆವತ್ತು ನಿನ್ನ ಕೇಳುದ್ಲಲ್ಲ ಸುಸೀಲಾ. ನೀನು ಏನಂದೆ?"

"ಹಾಲು ಉಕ್ಕಿದಂಗೆ ಉಕ್ಕಿ ಬರ್ಲಿ ಅಂತ ನೀವು ಅಂದ್ರಿ ಅಂದೆ."

"ಕಾಗ್ದ ಓದ್ದಾಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಪವಿತ್ರಂಗೆ..."

"ಪೈರು ಬಾಡ್ತದೆ" ಎಂದರು ಅವರು. "ಮೊದ್ಲು ಇದಕ್ಕೊಂದು ನೆಲ ನೋಡಾಣ, ನಡಿ."

ಬೇಲಿಯ ಆಚೆ ಜಯಮ್ಮನ ಗದ್ದೆ ಉಳಿದಿತ್ತು. ಅವಳ ಒಟ್ಲು ಅರ್ಧ ಕೊಳೆತುಹೋಗಿ ಅವಳು ಪೈರು ಹುಡುಕುತ್ತಿದ್ದಳು. ಅತ್ತೆ ಪೈರನ್ನು ಹಾಗೆಯೇ ಕೊಟ್ಟು, ಕೂಲಿಯವರ ಸಾಲಿನಲ್ಲಿ ತಾವೂ ನಿಂತು ಸಂಜೆಯವರೆಗೂ ಬಗ್ಗಿ ನಾಟಿ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಜಯಮ್ಮ ಒಮ್ಮೆಯೂ ತಮಾಷೆ ಮಾಡಲಿಲ್ಲ. ಅತ್ತೆ ನನ್ನನ್ನು ಬೈಯುತ್ತಾರೆ, ಎಲ್ಲರ ಮುಂದೆ ಕೆಸರು ಎರಚುತ್ತಾರೆ ಎಂದು ಕಾದೆ. ಅವರು ಮನೆಗೆ ಬಂದು ಕೈಕಾಲು ತೊಳೆದು, ನಾನು ಬಡಿಸಿದ ಮುದ್ದೆ ಉಂಡರು. ಉಂಡರಲ್ಲ ಎಂದು ನಾನು ಒಳಗೆ ಹೋಗಿ ದೇವರ ಮುಂದೆ ಅತ್ತುಬಿಟ್ಟೆ.

ಒಂದು ವರ್ಷ ಕಳೆದ ಮೇಲೆ ಕಂಪನಿಯವರು ಪಕ್ಕದ ರಾಜ್ಯವನ್ನು ಒಪ್ಪಿಕೊಂಡರು ಎಂದು ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ನೀರಿನ ಭರವಸೆ ಸಾಲದು ಎಂದರಂತೆ. ಶಿವಣ್ಣ ಮಂಡ್ಯಕ್ಕೆ ಮನೆ ಬದಲಾಯಿಸಿದ. ಭೂಮಿ ಉದ್ಯಮಕ್ಕೆಂದು ಹೋದದ್ದು, ತಿರುಗಿ ಬರುವುದಿಲ್ಲವಂತೆ. ಇನ್ನೊಬ್ಬ ಹೂಡಿಕೆದಾರರು ಬರುವವರೆಗೆ ಅದು ಹಾಗೆಯೇ ಇರುತ್ತದಂತೆ. ಕೆಂಪು ನೆಲದ ಮೇಲೆ ಈಗ ಆಳೆತ್ತರ ಕಳೆ ಬೆಳೆದಿದೆ. ಪವಿತ್ರ ಹೊಸೂರಿನಲ್ಲಿ ಕಾರುಗಳ ವೈರು ಜೋಡಿಸುವ ಕಡೆ ಕೆಲಸದಲ್ಲಿದ್ದಾಳೆ. ಈ ಗದ್ದೆಗೂ ಆ ಕೆಲಸಕ್ಕೂ ಸಂಬಂಧವಿಲ್ಲ, ತಾನೇ ಅರ್ಜಿ ಹಾಕಿ ಪಡೆದುಕೊಂಡಳು. ತಿಂಗಳಿಗೊಮ್ಮೆ ಬಂದು ಅಜ್ಜಿಯ ಕಾಲು ಒತ್ತುತ್ತಾಳೆ. ಅತ್ತೆ ಗಟ್ಟಿಯಾಗಿದ್ದಾರೆ, ನನ್ನನ್ನು ಇವತ್ತಿಗೂ ಅಮ್ಮಿ ಎಂದೇ ಕರೆಯುತ್ತಾರೆ. ಇವೆಲ್ಲ ನನಗೆ ಸಿಕ್ಕಬೇಕಾದ್ದಕ್ಕಿಂತ ಹೆಚ್ಚು. ದಿನಾ ದೀಪದ ಮುಂದೆ ನಿಂತು ಒಂದೊಂದಾಗಿ ನೆನೆಯುತ್ತೇನೆ.

ಬದಲಾದದ್ದು ಒಂದೇ. ಆ ಆಷಾಢದಿಂದ ಈಚೆಗೆ ಅತ್ತೆ ಯಾವ ಕಾಗದವನ್ನೂ ನನ್ನ ಕೈಗೆ ಕೊಟ್ಟಿಲ್ಲ. ಅಂಚೆಯವನು ಬಂದರೆ ತಾವೇ ಎದ್ದು ಹೋಗಿ ಈಸಿಕೊಳ್ಳುತ್ತಾರೆ. ಕರೆಂಟು ಬಿಲ್ಲನ್ನು ಹಾಲಿನ ಡೇರಿಯಲ್ಲಿ ಓದಿಸುತ್ತಾರೆ, ಮದುವೆಯ ಕರೆಯೋಲೆಯನ್ನು ಬಸ್ಸಿನ ಕಂಡಕ್ಟರಿನ ಹತ್ತಿರ. ಓದಿದ್ದನ್ನು ಇನ್ನೊಬ್ಬರ ಹತ್ತಿರ ಮತ್ತೆ ಓದಿಸಿ ತಾಳೆ ನೋಡುತ್ತಾರೆ. ತಾವು ಹೆತ್ತ ಮಗನನ್ನೂ, ಎಂದರೆ ನನ್ನ ಗಂಡನನ್ನೂ ನಂಬುವುದಿಲ್ಲ.

ಶುಕ್ರವಾರ ಗುತ್ತಲಿನಿಂದ ನಾನು ವಾಪಸು ಬಂದಾಗ ಅತ್ತೆ ಜಗಲಿಯಲ್ಲಿ ಕುಳಿತು ಒಂದು ಉದ್ದನೆಯ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಮೇಲೆ ಕಚೇರಿಯ ನೀಲಿ ಮೊಹರು ಇತ್ತು. ನಮ್ಮ ಊರೊಳಗಿನ ಮನೆ, ಹಿತ್ತಲು, ಬಾವಿ ಎಲ್ಲವೂ ಅವರ ಹೆಸರಿನಲ್ಲೇ ಇವೆ. ಹಿಂದಿನ ವಾರದಿಂದ ನಮ್ಮ ಬೀದಿಯ ಕೊನೆಯಲ್ಲಿ ಮತ್ತೆ ಮೂರು ಕಾಲಿನ ಯಂತ್ರ ನಿಂತಿದೆ. ಹೊಸಬರು ಯಾರೋ ಬರುತ್ತಾರಂತೆ, ಅವರಿಗೆ ಹಳೆಯ ಜಾಗ ಸಾಲದಂತೆ ಎಂದು ಜಯಮ್ಮ ಹೇಳಿದ್ದಳು.

"ಏನತ್ತೆ ಅದು?" ಎಂದು ಕೇಳಿದೆ.

"ಕಾಗ್ದ ಕಣಮ್ಮಿ" ಎಂದರು. ಮಡಿಸಿ ಎಲೆಅಡಿಕೆ ಸಂಚಿಯೊಳಗೆ ಇಟ್ಟು, ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆಸಗರಹಳ್ಳಿಯಲ್ಲಿ ಜಯಮ್ಮನ ಅಣ್ಣ ಮೇಷ್ಟರು, ಅವರ ಹತ್ತಿರ ಓದಿಸುತ್ತಾರಂತೆ. ಅವರು ಯಾವುದೋ ಯಾತ್ರೆಗೆ ಹೋಗಿದ್ದಾರೆ, ಬರಲಿ, ಅವಸರವೇನು ಎಂದರು.

ಇಂಥ ಕಾಗದಕ್ಕೆ ಒಂದು ಗಡುವು ಇರುತ್ತದೆ ಎಂದು ನನಗೆ ಗೊತ್ತು. ಹೇಳಿದೆ ಕೂಡ. ಅತ್ತೆ ನನ್ನ ಮುಖವನ್ನು ಸಿಟ್ಟಿಲ್ಲದೆ ನೋಡಿದರು. ಆಮೇಲೆ ಸಂಚಿಯನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡರು.